ಪೆಂಗ್ವಿನ್ ಮನೆ ಬಾಗಿಲಲ್ಲಿ ಬಲೆ

ಎಲ್ಲರಿಗೂ ನಮಸ್ಕಾರ.

ನನ್ನ ಕೈಯಲ್ಲಿರುವ ಈ ಡಬ್ಬಿ ಹಿಂದೆ ಕೂತವರಿಗೆ ಕಾಣಿಸುತ್ತಿದೆಯಾ? ಕ್ರಿಲ್ ಎಣ್ಣೆಯ ಗುಳಿಗೆ. ಮಂಡಿ ನೋವಿಗೆ ಒಳ್ಳೆಯದು ಅಂತ ಯಾರೋ ಹೇಳಿದರು, ಆನ್‌ಲೈನ್‌ನಲ್ಲಿ ತರಿಸಿದೆ. ನೋವು ಹೋಯಿತಾ ಅಂತ ಮಾತ್ರ ಕೇಳಬೇಡಿ. ಡಬ್ಬಿಯ ಮೇಲೆ 'ಅಂಟಾರ್ಕ್ಟಿಕ್' ಅಂತ ಅಚ್ಚಾಗಿತ್ತು. ಅಷ್ಟು ದೂರದ ಸಮುದ್ರದ್ದು ನನ್ನ ಮನೆಗೆ ಹೇಗೆ ಬಂತು ಅಂತ ಹುಡುಕುತ್ತಾ ಹೋದೆ. ಇವತ್ತಿನ ಮಾತು ಅಲ್ಲಿಂದ ಶುರು.

ಕ್ರಿಲ್ ಅಂದರೆ ನಮ್ಮ ಸಿಗಡಿಯ ದೂರದ ನೆಂಟ ಅನ್ನಿ. ಉದ್ದ ಹೆಚ್ಚೆಂದರೆ 6 ಸೆಂಟಿಮೀಟರ್, ತೂಕ ಒಂದೆರಡು ಗ್ರಾಂ. ಆದರೆ ಒಂಟಿಯಾಗಿ ಓಡಾಡುವ ಜೀವ ಅಲ್ಲ, ಹಿಂಡು ಕಟ್ಟುತ್ತದೆ. ಕೆಲವು ಹಿಂಡು ಕಿಲೋಮೀಟರ್‌ಗಟ್ಟಲೆ ಹರಡಿರುತ್ತದೆ. ಅಂಟಾರ್ಕ್ಟಿಕಾ ಸುತ್ತಲಿನ ದಕ್ಷಿಣ ಸಾಗರದಲ್ಲಿ ತಿಮಿಂಗಿಲ, ಸೀಲ್, ಹಕ್ಕಿ, ಮೀನು, ಎಲ್ಲರ ಊಟವೂ ಇದೇ. ಚಿನ್‌ಸ್ಟ್ರಾಪ್ ಪೆಂಗ್ವಿನ್‌ಗಂತೂ ಅನ್ನ, ಸಾರು, ಪಲ್ಯ ಮೂರೂ ಕ್ರಿಲ್ಲೇ.

ಇದನ್ನು ದೊಡ್ಡ ಪ್ರಮಾಣದಲ್ಲಿ ಹಿಡಿಯಲು ಶುರು ಮಾಡಿದ್ದು 1970ರ ದಶಕದಲ್ಲಿ ಸೋವಿಯತ್ ಹಡಗುಗಳು. 1982ರಲ್ಲಿ ಒಟ್ಟು ಹಿಡಿದದ್ದು 5 ಲಕ್ಷ ಟನ್ ದಾಟಿತ್ತು. 'ಓಕಿಯಾನ್' ಅನ್ನುವ ಹೆಸರಲ್ಲಿ ಕ್ರಿಲ್ ಪೇಸ್ಟ್ ಮಾಡಿ ಅಂಗಡಿಗಳಲ್ಲಿ ಮಾರಿದರು. ಕ್ರಿಲ್‌ದು ಒಂದು ತೊಂದರೆ ಇದೆ. ನೀರಿಂದ ಎತ್ತಿದ ಕೆಲವೇ ಗಂಟೆಗಳಲ್ಲಿ ಅದರ ಹೊಟ್ಟೆಯ ರಸವೇ ಅದನ್ನು ಕರಗಿಸಲು ಶುರು ಮಾಡುತ್ತದೆ. ಹಾಗಾಗಿ ಹಡಗಿನಲ್ಲೇ ಕಾರ್ಖಾನೆ ಬೇಕು. ಸೋವಿಯತ್ ಒಕ್ಕೂಟ ಒಡೆದ ಮೇಲೆ ಈ ಕಸುಬು ತಣ್ಣಗಾಯಿತು. ಈಗ ಮತ್ತೆ ಎದ್ದಿದೆ. ನಾರ್ವೆ ಎಲ್ಲರಿಗಿಂತ ಮುಂದೆ. ಚೀನಾ, ದಕ್ಷಿಣ ಕೊರಿಯಾ, ಚಿಲಿ, ಉಕ್ರೇನ್ ಹಿಂದೆ. ನನ್ನ ಗುಳಿಗೆಗೆ ಹೋಗುವುದು ಸ್ವಲ್ಪ ಮಾತ್ರ. ಜಾಸ್ತಿ ಪಾಲು ಪುಡಿಯಾಗಿ, ಸಾಕಿದ ಸಾಲ್ಮನ್ ಮೀನಿಗೆ ಮೇವಾಗುತ್ತದೆ. ನಮ್ಮ ಕರಾವಳಿಯಲ್ಲಿ ಬೂತಾಯಿ ತುಂಬಿದ ಲಾರಿ ಫಿಶ್‌ಮೀಲ್ ಕಾರ್ಖಾನೆಗೆ ಹೋಗುವುದನ್ನು ನೋಡಿದವರಿಗೆ ಈ ವ್ಯಾಪಾರ ಹೊಸದೇನಲ್ಲ.

ಈ ಆಸೆಬುರುಕತನ ಎಲ್ಲಿಗೆ ಮುಟ್ಟಬಹುದು ಅನ್ನುವ ಭಯ ಸೋವಿಯತ್ ಹಡಗುಗಳ ಕಾಲದಲ್ಲೇ ಹುಟ್ಟಿತ್ತು. ಅಂಟಾರ್ಕ್ಟಿಕ್ ಸಮುದ್ರದ ಜೀವಿಗಳನ್ನು ಕಾಪಾಡಲು 1980ರಲ್ಲಿ ಕ್ಯಾನ್‌ಬೆರಾದಲ್ಲಿ ಒಂದು ಒಪ್ಪಂದ ಆಯಿತು, 1982ರಲ್ಲಿ ಜಾರಿಗೆ ಬಂತು. ಅದನ್ನು ನಡೆಸುವ ಆಯೋಗಕ್ಕೆ ಎಲ್ಲರೂ ಕ್ಯಾಮ್ಲಾರ್ ಅನ್ನುತ್ತಾರೆ. ಕಚೇರಿ ಆಸ್ಟ್ರೇಲಿಯಾದ ಹೋಬಾರ್ಟ್‌ನಲ್ಲಿ. ಭಾರತವೂ ಸದಸ್ಯ.

ಈ ಒಪ್ಪಂದ ನನಗೆ ಇಷ್ಟವಾಗುವುದು ಒಂದು ಕಾರಣಕ್ಕೆ. ಮಾಮೂಲಿ ಮೀನುಗಾರಿಕೆ ಲೆಕ್ಕದಲ್ಲಿ ಕೇಳುವುದು, ಮುಂದಿನ ವರ್ಷವೂ ನಮಗೆ ಮೀನು ಸಿಗಬೇಕಾದರೆ ಈ ವರ್ಷ ಎಷ್ಟು ಹಿಡಿಯಬಹುದು ಅಂತ. ಆ ಲೆಕ್ಕದಲ್ಲಿ ಅರ್ಧ ಉಳಿದರೆ ಸಾಕು ಅನ್ನುತ್ತಾರೆ. ಇಲ್ಲಿ ಮಾತ್ರ, ಈ ಕ್ರಿಲ್ ತಿಂದು ಬದುಕುವವರಿಗೆ ಎಷ್ಟು ಬೇಕು ಅಂತಲೂ ಕೇಳಿದರು. ಹಾಗಾಗಿ ನಾಲ್ಕರಲ್ಲಿ ಮೂರು ಪಾಲು ನೀರಲ್ಲೇ ಉಳಿಯಬೇಕು ಅಂತ ಇಟ್ಟುಕೊಂಡರು. ಪಂಕ್ತಿಯಲ್ಲಿ ಬೇರೆಯವರ ಎಲೆಯನ್ನೂ ನೋಡಿ ಬಡಿಸಿಕೊಂಡ ಹಾಗೆ.

ಈಗ ಸ್ವಲ್ಪ ಲೆಕ್ಕ. ಬೇಜಾರಾಗಬೇಡಿ, ನಾಲ್ಕೇ ಅಂಕಿ. ದಕ್ಷಿಣ ಅಟ್ಲಾಂಟಿಕ್ ಕಡೆಯ ಭಾಗದಲ್ಲಿ 2019ರ ಸಮೀಕ್ಷೆ ಪ್ರಕಾರ ಸುಮಾರು 6.26 ಕೋಟಿ ಟನ್ ಕ್ರಿಲ್ ಇದೆ. ಕಾಗದದ ಮೇಲಿನ ಮಿತಿ 56.1 ಲಕ್ಷ ಟನ್. ಆದರೆ ನಿಜವಾಗಿ ಹಿಡಿಯಲು ಬಿಡುವುದು ವರ್ಷಕ್ಕೆ 6.2 ಲಕ್ಷ ಟನ್ ಮಾತ್ರ. ಅಂದರೆ ನೂರಕ್ಕೆ ಒಂದು. ಕಂಪನಿಗಳು ಎದೆ ತಟ್ಟಿಕೊಂಡು ಹೇಳುವ ಅಂಕಿ ಇದೇ. ನೂರು ಹಿಡಿ ಅಕ್ಕಿಯಲ್ಲಿ ಒಂದು ಹಿಡಿ ತಗೊಂಡರೆ ಯಾರ ಗಂಟು ಹೋಗುತ್ತದೆ, ಅಲ್ವಾ?

ಹೋಗುತ್ತದೆ. ಆ ಒಂದು ಹಿಡಿಯನ್ನು ಒಬ್ಬರ ತಟ್ಟೆಯಿಂದಲೇ ತೆಗೆದರೆ ಹೋಗುತ್ತದೆ.

ಪೆಂಗ್ವಿನ್ ಮರಿ ಮಾಡಿದಾಗ ಏನಾಗುತ್ತದೆ ನೋಡಿ. ಮರಿ ಚಿಕ್ಕದು, ಬಿಟ್ಟು ಹೋದರೆ ಚಳಿಗೆ ಸಾಯುತ್ತದೆ, ಇಲ್ಲವೇ ಸ್ಕುವಾ ಹಕ್ಕಿ ಎತ್ತಿಕೊಂಡು ಹೋಗುತ್ತದೆ. ಹಾಗಾಗಿ ಅಪ್ಪ ಕಾದರೆ ಅಮ್ಮ ಬೇಟೆಗೆ, ಅಮ್ಮ ಕಾದರೆ ಅಪ್ಪ. ಹಸಿದ ಮರಿಯನ್ನು ಬಿಟ್ಟು ತುಂಬಾ ದೂರ ಹೋಗುವ ಹಾಗಿಲ್ಲ. ಹೆಚ್ಚೆಂದರೆ ಗೂಡಿನಿಂದ ಕೆಲವು ಹತ್ತು ಕಿಲೋಮೀಟರ್. ಸಾವಿರ ಕಿಲೋಮೀಟರ್ ಆಚೆ ಕೋಟಿಗಟ್ಟಲೆ ಟನ್ ಕ್ರಿಲ್ ಇದ್ದರೂ ಆ ಮರಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ಹಡಗಿನವರಿಗೂ ಬೇಕಾಗುವುದು ದಟ್ಟ ಹಿಂಡು. ದಟ್ಟ ಹಿಂಡು ಸಿಗುವುದು ಅಂಟಾರ್ಕ್ಟಿಕ್ ಪರ್ಯಾಯದ್ವೀಪದ ದಡದ ಹತ್ತಿರ. ಪೆಂಗ್ವಿನ್ ಗೂಡು ಕಟ್ಟಿರುವುದೂ ಅಲ್ಲೇ, ತಿಮಿಂಗಿಲ ಬಾಯಿ ತೆರೆಯುವುದೂ ಅಲ್ಲೇ. 2021ರಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಗಳು ಕ್ರಿಲ್ ಬಲೆಗೆ ಸಿಕ್ಕಿ ಸತ್ತವು.

ಹೀಗೆ ಒಂದೇ ಕಡೆ ಮುಗಿಬೀಳುತ್ತಾರೆ ಅಂತಲೇ ಕ್ಯಾಮ್ಲಾರ್ 2009ರಲ್ಲೇ ಒಂದು ನಿಯಮ ತಂದಿತ್ತು. ಒಟ್ಟು 6.2 ಲಕ್ಷವನ್ನು ಒಂದೇ ಕಡೆ ಬಾಚಬೇಡಿ, ನಾಲ್ಕು ಭಾಗಕ್ಕೆ ಹಂಚಿ ಹಿಡಿಯಿರಿ ಅಂತ. ಪರ್ಯಾಯದ್ವೀಪದ ಪಾಲಿಗೆ ಬಂದದ್ದು 1.55 ಲಕ್ಷ ಟನ್. ಅಷ್ಟು ಮುಟ್ಟಿದ ಕೂಡಲೇ ಆ ಭಾಗಕ್ಕೆ ಬೀಗ. ಹಲವು ವರ್ಷ ಹಂಗಾಮು ಮುಗಿಯುವ ಮೊದಲೇ ಬೀಗ ಬಿದ್ದದ್ದೂ ಉಂಟು.

'ಎಲ್ಲಿ, ಯಾವಾಗ' ಅನ್ನುವುದನ್ನು ಹಿಡಿದುಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಅದೇ ಸಮುದ್ರದ ಇನ್ನೊಂದು ಕಥೆ ಹೇಳಬೇಕು. ಸೌತ್ ಜಾರ್ಜಿಯಾ ದ್ವೀಪ. ಅಲ್ಲಿ ಆಳದಲ್ಲಿ ಟೂತ್‌ಫಿಶ್ ಅನ್ನುವ ದುಬಾರಿ ಮೀನು ಸಿಗುತ್ತದೆ. ಕಿಲೋಮೀಟರ್ ಉದ್ದದ ಹಗ್ಗಕ್ಕೆ ಸಾವಿರಾರು ಗಾಳ ಕಟ್ಟಿ, ಎರೆ ಸಿಕ್ಕಿಸಿ, ಹಡಗಿನ ಹಿಂದಿನಿಂದ ಬಿಡುತ್ತಾರೆ. ಹಗ್ಗ ಮುಳುಗುವ ಮುಂಚೆ ಅಲ್ಬಟ್ರಾಸ್ ಹಕ್ಕಿ ಎರೆಗೆ ಬಾಯಿ ಹಾಕುತ್ತದೆ. ಗಾಳ ಸಿಕ್ಕಿಕೊಂಡು ಹಗ್ಗದ ಜೊತೆಗೇ ಮುಳುಗಿ ಸಾಯುತ್ತದೆ. ಕೆಲವು ರೆಕ್ಕೆ ಬಿಚ್ಚಿದರೆ ಮೂರು ಮೀಟರ್ ದಾಟುತ್ತವೆ. ದೊಡ್ಡ ಜಾತಿಯದು ಎರಡು ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. 1997ರಲ್ಲಿ ಆ ಒಂದು ದ್ವೀಪದ ಸುತ್ತಲೇ 5,000ಕ್ಕೂ ಜಾಸ್ತಿ ಕಡಲ ಹಕ್ಕಿಗಳು ಹೀಗೆ ಸತ್ತವು ಅಂತ ಅಂದಾಜು.

ಇದಕ್ಕೆ ಕ್ಯಾಮ್ಲಾರ್ ಮಾಡಿದ್ದೇನು? ಗಾಳವನ್ನು ರಾತ್ರಿ ಮಾತ್ರ ಬಿಡಿ, ಆಗ ಅಲ್ಬಟ್ರಾಸ್ ಹಾರಾಟ ಕಡಿಮೆ. ಹಗ್ಗಕ್ಕೆ ಭಾರ ಕಟ್ಟಿ, ಬೇಗ ಮುಳುಗಲಿ. ಗಾಳ ಬಿಡುವಾಗ ಮೀನಿನ ಕಸ ಎಸೆಯಬೇಡಿ. ಹಡಗಿನ ಹಿಂದೆ ಬಣ್ಣದ ಪಟ್ಟಿ ತೂಗುವ ದಾರ ಕಟ್ಟಿ. ಇದು ಜಪಾನಿನ ಮೀನುಗಾರರು ಕಂಡುಕೊಂಡ ಉಪಾಯ. ಹೊಲದ ಬೆರ್ಚಪ್ಪನೇ ಸಮುದ್ರಕ್ಕೆ ಇಳಿದ ಹಾಗೆ. ಎಲ್ಲಕ್ಕಿಂತ ಮುಖ್ಯವಾಗಿ, ಬೇಸಿಗೆಯಲ್ಲಿ ಮೀನುಗಾರಿಕೆಯೇ ಬೇಡ, ಹೆಚ್ಚಿನ ಹಕ್ಕಿಗಳು ಮರಿ ಸಾಕುವ ಕಾಲ ಅದು. ಚಳಿಗಾಲಕ್ಕೆ ಬನ್ನಿ ಅಂದರು. ಪ್ರತಿ ಹಡಗಿನಲ್ಲೂ ಒಬ್ಬ ವೀಕ್ಷಕನನ್ನು ಕೂರಿಸಿದರು. ಮೂರೇ ವರ್ಷದಲ್ಲಿ ಸಾವಿನ ಲೆಕ್ಕ ಎರಡಂಕಿಗೆ ಇಳಿಯಿತು. ಮೀನುಗಾರಿಕೆ ನಿಲ್ಲಲಿಲ್ಲ, ಈಗಲೂ ನಡೆಯುತ್ತಿದೆ.

ಹಾಗಂತ ಹಕ್ಕಿ ಉಳಿಯಿತು ಅಂದುಕೊಳ್ಳಬೇಡಿ. ಅಲ್ಬಟ್ರಾಸ್‌ಗೆ ಗಡಿ ಗೊತ್ತಿಲ್ಲ. ಅದು ಸಾವಿರಾರು ಕಿಲೋಮೀಟರ್ ಹಾರಿ ಬೇರೆ ಸಮುದ್ರದಲ್ಲಿ ಟ್ಯೂನಾ ಗಾಳಕ್ಕೆ ಸಿಗುತ್ತದೆ. ಸೌತ್ ಜಾರ್ಜಿಯಾದ ದೊಡ್ಡ ಅಲ್ಬಟ್ರಾಸ್‌ಗಳ ಸಂಖ್ಯೆ ಕುಸಿದದ್ದಕ್ಕೆ ಇದೂ ದೊಡ್ಡ ಕಾರಣ.

ಇನ್ನು ಉತ್ತರ ಧ್ರುವದ ಮಾತು ಒಂದೇ ಉಸಿರಲ್ಲಿ ಮುಗಿಸುತ್ತೇನೆ. ಆರ್ಕ್ಟಿಕ್ ನಡುವಿನ 28 ಲಕ್ಷ ಚದರ ಕಿಲೋಮೀಟರ್ ಸಮುದ್ರದಲ್ಲಿ ಹಿಮ ಕರಗುತ್ತಿದೆ, ಆದರೆ ಅಲ್ಲಿ ವ್ಯಾಪಾರದ ಮೀನುಗಾರಿಕೆ ಇನ್ನೂ ಶುರುವಾಗಿಲ್ಲ. 2018ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿ, 2021ರಿಂದ 16 ವರ್ಷ ಅಲ್ಲಿ ಬಲೆ ಬೇಡ, ಮೊದಲು ತಿಳಿದುಕೊಳ್ಳೋಣ ಅಂದರು. ಅಮೆರಿಕ, ರಷ್ಯಾ, ಚೀನಾ ಮೂವರೂ ಒಟ್ಟಿಗೆ ಒಪ್ಪಿದ ಕಾಗದ ಅದು. ಕಳ್ಳ ಬರುವ ಮುಂಚೆ ಬಾಗಿಲು ಹಾಕುವುದು ಯಾವಾಗಲೂ ಸುಲಭ.

ದಕ್ಷಿಣದಲ್ಲಿ ಅಷ್ಟು ಸುಲಭ ಅಲ್ಲ. ಕ್ಯಾಮ್ಲಾರ್‌ನಲ್ಲಿ ಎಲ್ಲರೂ ಒಪ್ಪಬೇಕು, ಒಬ್ಬರು ತಲೆ ಅಲ್ಲಾಡಿಸಿದರೆ ಕೆಲಸ ನಿಂತಿತು. ರಾಸ್ ಸಮುದ್ರದ 15.5 ಲಕ್ಷ ಚದರ ಕಿಲೋಮೀಟರ್‌ಗೆ 2016ರಲ್ಲಿ ರಕ್ಷಣೆ ಸಿಕ್ಕಿತು. ಅದೂ 35 ವರ್ಷಕ್ಕೆ ಮಾತ್ರ. ಪೂರ್ವ ಅಂಟಾರ್ಕ್ಟಿಕಾ ಮತ್ತು ವೆಡೆಲ್ ಸಮುದ್ರಕ್ಕೂ ಇಂಥದೇ ರಕ್ಷಣೆ ಕೊಡುವ ಪ್ರಸ್ತಾವಗಳಿಗೆ 2021ರಲ್ಲಿ ಭಾರತವೂ ಬೆಂಬಲ ಹೇಳಿತು. ಚೀನಾ ಮತ್ತು ರಷ್ಯಾ ಒಪ್ಪದೆ ಅವು ಹಾಗೇ ಕೂತಿವೆ.

2024ರಲ್ಲಿ ಇದೇ ಹಟ ಕ್ರಿಲ್ ನಿಯಮಕ್ಕೂ ತಟ್ಟಿತು. ಮಾತುಕತೆ ಮುರಿದುಬಿತ್ತು, ನಾಲ್ಕು ಭಾಗಕ್ಕೆ ಹಂಚುವ ನಿಯಮದ ಅವಧಿ ಮುಗಿದು ಹೋಯಿತು. ಒಟ್ಟು 6.2 ಲಕ್ಷ ಉಳಿಯಿತು, 'ಎಲ್ಲಿ' ಅನ್ನುವುದು ಅಳಿಸಿಹೋಯಿತು. ಹಡಗುಗಳು ಪರ್ಯಾಯದ್ವೀಪಕ್ಕೆ ನುಗ್ಗಿದವು. ಹಳೆಯ 1.55 ಲಕ್ಷದ ಗೆರೆ ದಾಟಿತು. 2025ರ ಆಗಸ್ಟ್ ಶುರುವಿಗೇ ಇಡೀ 6.2 ಲಕ್ಷ ಮುಗಿದು, ಮೊದಲ ಸಲ ಇಡೀ ಮೀನುಗಾರಿಕೆಯನ್ನೇ ಅವಧಿಗೆ ಮುಂಚೆ ನಿಲ್ಲಿಸಬೇಕಾಯಿತು.

ಗೂಡುಗಳ ಹತ್ತಿರ ಮರಿ ಮಾಡುವ ಕಾಲದಲ್ಲಿ ಬಲೆ ಬಿಡುವುದಿಲ್ಲ ಅಂತ ಹೆಚ್ಚಿನ ಕಂಪನಿಗಳು 2018ರಿಂದ ತಾವಾಗೇ ಒಪ್ಪಿಕೊಂಡಿವೆ. ಒಳ್ಳೆಯದೇ. ಆದರೆ ತಾವಾಗೇ ಹಾಕಿಕೊಂಡ ಬೇಲಿಯನ್ನು ತಾವಾಗೇ ಕಿತ್ತುಕೊಳ್ಳಲೂಬಹುದು.

ಕ್ರಿಲ್ ಹಂಗಾಮು ಪ್ರತಿ ವರ್ಷ ಡಿಸೆಂಬರ್ 1ಕ್ಕೆ ಶುರುವಾಗುತ್ತದೆ. ಪರ್ಯಾಯದ್ವೀಪದಲ್ಲಿ ಪೆಂಗ್ವಿನ್ ಮೊಟ್ಟೆಗಳು ಒಡೆಯಲು ಶುರುವಾಗುವುದೂ ಅದೇ ತಿಂಗಳು.

ಸರಿ, ಈಗ ನಿಮ್ಮ ಪ್ರಶ್ನೆ ಕೇಳಿ. ಈ ಡಬ್ಬಿ ಇಲ್ಲೇ ಮೇಜಿನ ಮೇಲಿರುತ್ತದೆ, ಬೇಕಾದವರು ತಿರುಗಿಸಿ ಓದಬಹುದು.