ಹೊಂಬಣ್ಣದ ಹಿಂದಿನ ರೆಕ್ಕೆ

ಕೇಳುಗರೆಲ್ಲರಿಗೂ ನಮಸ್ಕಾರ.

ಬಿಸಿಲೆ ಘಾಟಿಯಲ್ಲೋ ಮೂಡಿಗೆರೆಯ ಕಾಫಿ ತೋಟದಲ್ಲೋ ಬಿಸಿಲೇರುವ ಹೊತ್ತಿಗೆ ನೆರಳುಮರಗಳ ತುದಿಯಲ್ಲಿ ಹಕ್ಕಿಯಂಥದ್ದೊಂದು ತೇಲಿ ಹೋದರೆ ನಿಂತು ನೋಡಿ. ಅದು ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಇರಬಹುದು. ಹರಡಿದ ರೆಕ್ಕೆಯ ಅಗಲ 140ರಿಂದ 190 ಮಿಲಿಮೀಟರ್, ಅಂದರೆ ದೊಡ್ಡವರ ಒಂದು ಗೇಣಿಗೆ ಹತ್ತಿರ. ಭಾರತದ ಅತಿ ದೊಡ್ಡ ಚಿಟ್ಟೆಯೆಂಬ ಪಟ್ಟ 2020ರವರೆಗೂ ಇದರದೇ ಆಗಿತ್ತು. ಆ ವರ್ಷ ಉತ್ತರಾಖಂಡದ ಗೋಲ್ಡನ್ ಬರ್ಡ್‌ವಿಂಗ್ ಹೆಣ್ಣೊಂದು 194 ಮಿಲಿಮೀಟರ್ ಅಗಲವಿದ್ದು ಮುಂದೆ ಹೋಯಿತು.

ಗಾತ್ರವೊಂದನ್ನೇ ನಂಬಿದರೆ ಮೋಸಹೋಗುತ್ತೀರಿ. ಬ್ಲೂ ಮಾರ್ಮನ್ ಚಿಟ್ಟೆ ಕೂಡ ದೊಡ್ಡದು, ಕಪ್ಪು. ಆದರೆ ಅದರ ಹಿಂದಿನ ರೆಕ್ಕೆಯಲ್ಲಿ ನೀಲಿ. ನಮ್ಮ ಚಿಟ್ಟೆಯ ಹಿಂದಿನ ರೆಕ್ಕೆ ಅಪ್ಪಟ ಹೊಂಬಣ್ಣ, ಅಂಚು ಕಪ್ಪು, ಬಾಲವಿಲ್ಲ. ಮುಂದಿನ ರೆಕ್ಕೆ ಮಿರುಗುವ ಕಪ್ಪು, ನರಗಳ ಇಕ್ಕೆಲದಲ್ಲಿ ಬೂದಿಗೀರು. ಕತ್ತಿನ ಬದಿಯಲ್ಲಿ ಕೆಂಪು ಕಾಣುತ್ತದೆ. ಗಂಡಿನ ಹಳದಿಯೊಳಗೆ ಮಚ್ಚೆಗಳಿಲ್ಲ. ಹೆಣ್ಣು ದೊಡ್ಡದು, ಅಂಚಿನ ಒಳಗಡೆ ಕಪ್ಪು ತ್ರಿಕೋನಗಳ ಸಾಲು.

ಮೇಲೆ ಹಾರುವಾಗ ಇಷ್ಟೆಲ್ಲ ಕಾಣದು. ಲಂಟಾನ, ಕೇಪಳ ಹೂವಿಗೆ ಇಳಿಯುವ ತನಕ ಕಾಯಿರಿ. ಮಕರಂದ ಹೀರುವಾಗ ಮುಂದಿನ ರೆಕ್ಕೆ ಬಡಿಯುತ್ತಲೇ ಇರುತ್ತದೆ, ಹಿಂದಿನದು ಹೆಚ್ಚು ಕದಲುವುದಿಲ್ಲ. ಗಂಡು ಹೆಣ್ಣು ಗುರುತಿಸಲು ಅದೇ ಸರಿಯಾದ ಗಳಿಗೆ.

ತಗ್ಗಿನಲ್ಲಿ ಎಲೆಯಿಂದ ಎಲೆಗೆ ಸುಳಿಯುತ್ತಿದ್ದರೆ ಅದು ಮೊಟ್ಟೆಯಿಡಲು ಬಂದ ಹೆಣ್ಣು. ಈಶ್ವರಿ ಬಳ್ಳಿಯ ಎಲೆಗಳ ಅಡಿಯಲ್ಲಿ ಒಂದೊಂದಾಗಿ ಕಿತ್ತಳೆಗೆಂಪು ಮೊಟ್ಟೆ ಇಡುತ್ತದೆ. ಹುಳು ಮಖಮಲ್ಲಿನಂತೆ ಕಡುಗೆಂಪು, ಮೈತುಂಬ ಮುಳ್ಳಿನಂಥ ಮೆತ್ತನೆಯ ಚಾಚುಗಳು, ನಡುವೆ ಓರೆಯಾಗಿ ಒಂದು ಬಿಳಿಪಟ್ಟಿ. ಬಳ್ಳಿಯ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುವುದರಿಂದ ಹಕ್ಕಿಗಳಿಗೆ ಇದು ರುಚಿಸದು. ಅದೇ ಬಳ್ಳಿಯಲ್ಲಿ ಕಾಮನ್ ರೋಸ್, ಕ್ರಿಮ್ಸನ್ ರೋಸ್ ಚಿಟ್ಟೆಗಳ ಹುಳುಗಳೂ ಬೆಳೆಯುತ್ತವೆ, ಹಾಗಾಗಿ ಹುಳುವಿನ ಗಾತ್ರವನ್ನೂ ನೋಡಿ: ಬಲಿತ ಬರ್ಡ್‌ವಿಂಗ್ ಹುಳು ಬೆರಳಿನಷ್ಟು ದಪ್ಪ.

ಹೊಟ್ಟೆಬಾಕ ಹುಳುಗಳಿವು. ಒಂದೇ ಬಳ್ಳಿಯಿದ್ದರೆ ಬಲಿಯುವ ಮುಂಚೆಯೇ ಎಲೆ ಬರಿದಾಗುತ್ತದೆ, ಹುಳು ಹಸಿವಿನಿಂದ ಸಾಯುತ್ತದೆ. ಆದ್ದರಿಂದ ಬೇಲಿಯುದ್ದಕ್ಕೂ ನಾಲ್ಕಾರು ಬಳ್ಳಿ ಇರಲಿ. ಕಾಯಿ ಒಣಗಿ ತೂಗುಬುಟ್ಟಿಯಂತೆ ಬಿರಿದಾಗ ಒಳಗಿನ ತೆಳುಬೀಜ ಆಯ್ದು ಬಿತ್ತಿ. ತೋಟದಲ್ಲಿ ಕಳೆ ಕೊಚ್ಚಿಸುವ ಮುಂಚೆ ಬಳ್ಳಿಯ ಬುಡಕ್ಕೊಂದು ಗೂಟ ನೆಟ್ಟು, ಕೊಚ್ಚುವವರಿಗೆ ಎಲೆ ತೋರಿಸಿ. ಆ ಸುತ್ತಿನಲ್ಲಿ ಕಳೆನಾಶಕ ಬೇಡ, ಕೀಟನಾಶಕವೂ ಬೇಡ.