ನಯಾ ಪೈಸೆ ಬಂದ ದಿನ

ಸ್ನೇಹಿತರೇ,

1957ರ ಏಪ್ರಿಲ್ 1, ಸೋಮವಾರ. ಆ ಬೆಳಿಗ್ಗೆ ನಮ್ಮ ದೇಶದ ಪ್ರತಿಯೊಬ್ಬರ ಜೇಬಿನಲ್ಲಿದ್ದ ಚಿಲ್ಲರೆಗೂ ಹೊಸ ಲೆಕ್ಕ ಬಂತು. ಅದೇ ದಿನ ಭಾರತದ ಭೂಪಟವಿದ್ದ ಹೊಸ ಅಂಚೆಚೀಟಿಗಳೂ ಬಂದವು.

ಹಿಂದಿನ ದಿನದವರೆಗೆ ರೂಪಾಯಿಗೆ ಹದಿನಾರು ಆಣೆ, ಆಣೆಗೆ ನಾಲ್ಕು ಪೈಸೆ, ಪೈಸೆಗೆ ಮೂರು ಪೈ. ಒಟ್ಟು 192 ಪೈ. ಇಂದಿನವರಿಗೆ ಇದು ತಲೆನೋವಿನ ಲೆಕ್ಕ ಅನ್ನಿಸುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಹದಿನಾರನ್ನು ಅರ್ಧ ಮಾಡುತ್ತಾ ಹೋಗಿ: ಎಂಟು, ನಾಲ್ಕು, ಎರಡು, ಒಂದು. ಎಲ್ಲೂ ಮುರುಕು ಉಳಿಯುವುದಿಲ್ಲ. ಕನ್ನಡದಲ್ಲಿ ಇದಕ್ಕೆ ಮೊದಲೇ ಮಾತುಗಳಿದ್ದವು: ಅರೆ, ಕಾಲು, ಅರೆಕಾಲು, ವೀಸ. ವೀಸವೆಂದರೆ ಹದಿನಾರನೇ ಒಂದು ಪಾಲು, ರೂಪಾಯಿಯ ಲೆಕ್ಕದಲ್ಲಿ ಸರಿಯಾಗಿ ಒಂದಾಣೆ. ಕಾಲು ಮಗ್ಗಿ, ಅರೆ ಮಗ್ಗಿ ಬಾಯಿಗೆ ಬಂದವರಿಗೆ ಸಂತೆಯಲ್ಲಿ ಕಾಗದ, ಪೆನ್ಸಿಲ್ ಬೇಕಿರಲಿಲ್ಲ.

1955ರಲ್ಲಿ ಸಂಸತ್ತು ನಾಣ್ಯ ಕಾಯ್ದೆಯನ್ನು ತಿದ್ದಿ ರೂಪಾಯಿಗೆ ನೂರು ಭಾಗ ಎಂದಿತು. ಹಳೆಯ ಪೈಸೆಯೊಡನೆ ಗೊಂದಲವಾಗದಿರಲೆಂದು ಹೊಸದನ್ನು ‘ನಯಾ ಪೈಸೆ’ ಎಂದರು. ಒಂದು ನಯಾ ಪೈಸೆಯ ಮೇಲೆ ‘ರೂಪಾಯಿಯ ನೂರನೇ ಭಾಗ’ ಎಂದು ಹಿಂದಿಯಲ್ಲಿ ಅಚ್ಚು ಹಾಕಿದ್ದರು. ಪಾಠವನ್ನೇ ನಾಣ್ಯದ ಮೇಲೆ ಬರೆದು ಕೊಟ್ಟಂತೆ. ಆದರೆ ಹಿಂದಿ ಓದಲು ಬಾರದವರಿಗೆ ಆ ಪಾಠ ತಲುಪುವ ದಾರಿ ಇರಲಿಲ್ಲ. ಅವರು ಆಕಾರ ನೋಡಿ ಗುರುತು ಹಿಡಿಯಬೇಕಿತ್ತು: ಐದು ಚೌಕ, ಎರಡು ಮತ್ತು ಹತ್ತಕ್ಕೆ ಹೂವಿನ ಎಸಳಿನಂಥ ಅಂಚು, ಉಳಿದವು ದುಂಡಗೆ.

ತೊಂದರೆ ಇದ್ದದ್ದು ಹಳೆಯದೂ ಹೊಸದೂ ಒಟ್ಟಿಗೇ ಚಲಾವಣೆಯಲ್ಲಿದ್ದ ವರ್ಷಗಳಲ್ಲಿ. ಒಂದಾಣೆಗೆ ಆರೂಕಾಲು ನಯಾ ಪೈಸೆ ಬರುತ್ತದೆ. ಕಾಲು ಪೈಸೆಯ ನಾಣ್ಯ ಎಲ್ಲಿಂದ ತರೋಣ? ಅರ್ಧವನ್ನಾಗಲಿ ಅದಕ್ಕಿಂತ ಕಡಿಮೆಯನ್ನಾಗಲಿ ಬಿಡುವುದು, ಹೆಚ್ಚಿದ್ದರೆ ಒಂದು ಪೂರ್ತಿ ಹಿಡಿಯುವುದು ಎಂಬ ನಿಯಮವಾಯಿತು. ಹಾಗಾಗಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಕಾಣೆಗೆ 25.

ಇದರ ಪರಿಣಾಮವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಹದಿನಾರಾಣೆಯನ್ನು ಒಟ್ಟಿಗೆ ಕೊಟ್ಟವರಿಗೆ ನೂರು ನಯಾ ಪೈಸೆ. ಅದೇ ಹದಿನಾರಾಣೆಯನ್ನು ಒಂದೊಂದಾಗಿ, ಒಂದೊಂದು ದಿನ ಕೊಟ್ಟವರಿಗೆ ಹದಿನಾರು ಸಲ ಆರು, ಅಂದರೆ 96. ನಾಲ್ಕು ಪೈಸೆ ಕರಗಿತು. ರೂಪಾಯಿ ಲೆಕ್ಕದಲ್ಲಿ ದಿನಸಿ ಕೊಳ್ಳುವ ಮನೆಗೆ ಇದು ತಟ್ಟಲಿಲ್ಲ. ದಿನಗೂಲಿಯಲ್ಲಿ ಇಂದಿಗಿಷ್ಟು ಎಣ್ಣೆ, ಇಂದಿಗಿಷ್ಟು ಉಪ್ಪು ಎಂದು ಆಣೆ ಹಿಡಿದು ಬರುವವರಿಗೇ ಅದು ತಟ್ಟುವಂಥದ್ದು. ದಶಮಾಂಶ ಪದ್ಧತಿ ಬರಲೇಬೇಕಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಸುಧಾರಣೆಯ ಮುರುಕು ಯಾರ ಕೈಯಿಂದ ಉದುರಿತು ಎಂಬುದನ್ನು ಮರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ತೂಕದಲ್ಲೂ ಇದೇ ಹೊತ್ತಿಗೆ ಸೇರು, ಮಣ ಹೋಗಿ ಕಿಲೋ ಬಂತು. ಅದು ಇನ್ನೊಂದು ದಿನದ ಮಾತು.

1964ರ ಜೂನ್ 1ರಿಂದ ‘ನಯಾ’ ಬಿದ್ದುಹೋಗಿ ಬರೀ ಪೈಸೆ ಉಳಿಯಿತು. ಆಣೆ ಮಾತ್ರ ಜನರ ಬಾಯಲ್ಲಿ ಉಳಿಯಿತು, ಅದೂ ಆರಿಸಿಕೊಂಡು ಉಳಿಯಿತು. ಮೂರಾಣೆ, ಐದಾಣೆ, ಏಳಾಣೆ ಮರೆಯಾದವು. ನಾಕಾಣೆ, ಎಂಟಾಣೆ, ಹನ್ನೆರಡಾಣೆ ನಿಂತವು. ಇವು ಮೂರೂ ಹೊಸ ಲೆಕ್ಕದಲ್ಲಿ 25, 50, 75 ಎಂದು ಮುರುಕಿಲ್ಲದೆ ಕೂಡುತ್ತವೆ. 2011ರ ಜೂನ್ 30ರಂದು 25 ಪೈಸೆಯ ನಾಣ್ಯ ಚಲಾವಣೆಯಿಂದ ಹೋದಾಗಲೂ ನಮ್ಮ ಹಿರಿಯರು ಹೇಳಿದ್ದು ‘ನಾಕಾಣೆ ಇನ್ನು ನಡೆಯಲ್ಲವಂತೆ’ ಎಂದೇ.