ಎಚ್‌ಐವಿ ಸಂಯುಕ್ತ ಚಿಕಿತ್ಸೆ: ಕೋತಿ, ಇಲಿಗಳ ಮೇಲಿನ ಪರೀಕ್ಷೆಯನ್ನು ಎಷ್ಟು ನಂಬಬಹುದು?

ಶಿವಮೊಗ್ಗದ ವಿದ್ಯಾರ್ಥಿ ಮಿತ್ರರಿಗೂ, ಎಆರ್‌ಟಿ (ಎಚ್‌ಐವಿ ಔಷಧ ಚಿಕಿತ್ಸೆ) ಕೇಂದ್ರಗಳಲ್ಲಿ ದುಡಿಯುತ್ತಿರುವ ಎಲ್ಲರಿಗೂ ನಮಸ್ಕಾರ. ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಸಂಯುಕ್ತ ಚಿಕಿತ್ಸೆಯನ್ನು ಪ್ರಾಣಿಗಳಲ್ಲಿ ಪರೀಕ್ಷಿಸುವಾಗ ಎಲ್ಲೆಲ್ಲಿ ಎಡವುತ್ತೇವೆ ಎಂಬುದೇ ಈ ಬರಹದ ವಿಷಯ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದದ್ದರಿಂದಲೇ ಮಂಗನ ಕಾಯಿಲೆಯ ಸುಳಿವು ಸಿಕ್ಕಿತು. ಆ ವೈರಸ್ಸು ಮಂಗನನ್ನೂ ಬಿಡುವುದಿಲ್ಲ, ಮನುಷ್ಯನನ್ನೂ ಬಿಡುವುದಿಲ್ಲ. ಹಾಗಾಗಿ ಮಲೆನಾಡಿನಲ್ಲಿ ಬೆಳೆದವರಿಗೆ ಎಚ್‌ಐವಿಯೂ ಹಾಗೆಯೇ ಇರಬೇಕು ಅನ್ನಿಸುವುದು ಸಹಜ. ಆದರೆ ಎಚ್‌ಐವಿಯ ಮುಖ್ಯ ಬಗೆಯಾದ ಎಚ್‌ಐವಿ-1 ಅನ್ನು ರೀಸಸ್ ಕೋತಿಗೆ ಚುಚ್ಚಿದರೆ ಸೋಂಕು ನೆಲೆ ನಿಲ್ಲುವುದಿಲ್ಲ. ಕೋತಿಯ ಜೀವಕೋಶದಲ್ಲಿರುವ ಟ್ರಿಮ್‌5-ಆಲ್ಫಾ ಪ್ರೋಟೀನು ವೈರಸ್ಸಿನ ಒಳಕವಚಕ್ಕೆ ಅಂಟಿಕೊಂಡು ಅದನ್ನು ಹೊಸ್ತಿಲಲ್ಲೇ ಹಾಳುಗೆಡವುತ್ತದೆ. ತಪ್ಪಿಸಿಕೊಂಡದ್ದರ ಜೀನುಗಳನ್ನು ಅಪೊಬೆಕ್‌3ಜಿ ಎಂಬ ಇನ್ನೊಂದು ಪ್ರೋಟೀನು ಕೆಡಿಸುತ್ತದೆ.

ಆದ್ದರಿಂದ ಕೋತಿಯಲ್ಲಿ ಪರೀಕ್ಷೆ ಎಂದಾಗ ಸಾಮಾನ್ಯವಾಗಿ ಎದುರಿಗಿರುವುದು ಎಚ್‌ಐವಿಯ ದಾಯಾದಿ, ಕೋತಿಗಳ ವೈರಸ್ಸಾದ ಎಸ್‌ಐವಿ. ಇಲ್ಲಿಯೇ ಮೊದಲ ಎಡವಟ್ಟು. ಎಚ್‌ಐವಿ ಔಷಧಗಳಲ್ಲಿ ಟೆನೊಫೊವಿರ್, ಎಮ್ಟ್ರಿಸಿಟಬಿನ್, ಡೊಲುಟೆಗ್ರಾವಿರ್ ಎರಡೂ ವೈರಸ್ಸುಗಳ ಮೇಲೆ ಕೆಲಸ ಮಾಡುತ್ತವೆ. ಎಫಾವಿರೆಂಜ್, ನೆವಿರಪಿನ್ ಮಾಡುವುದಿಲ್ಲ; ಅವು ಕೂರಬೇಕಾದ ಜಾಗ ಎಸ್‌ಐವಿಯ ಆರ್‌ಎನ್‌ಎಯನ್ನು ಡಿಎನ್‌ಎಗೆ ನಕಲಿಸುವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಕಿಣ್ವದಲ್ಲಿ ಬೇರೆ ಆಕಾರದಲ್ಲಿದೆ. ಮೂರು ಔಷಧಗಳಲ್ಲಿ ಒಂದು ಎಫಾವಿರೆಂಜ್ ಆಗಿದ್ದರೆ, ಕೋತಿಗೆ ನಿಜವಾಗಿ ಸಿಕ್ಕಿದ್ದು ಎರಡೇ. ಚಿಕಿತ್ಸೆ ಸೋತಿತೆಂದು ಬರೆದುಕೊಳ್ಳುತ್ತೇವೆ, ಸೋತದ್ದು ಪ್ರಯೋಗದ ವಿನ್ಯಾಸ. ಇದಕ್ಕಾಗಿಯೇ ಎಸ್‌ಐವಿಯೊಳಗೆ ಎಚ್‌ಐವಿಯ ಆ ಕಿಣ್ವವನ್ನು ಕೂಡಿಸಿದ ಆರ್‌ಟಿ-ಶಿವ್ ಎಂಬ ಮಿಶ್ರ ವೈರಸ್ಸನ್ನು ಬಳಸುತ್ತಾರೆ.

ಪ್ರಮಾಣದ ಲೆಕ್ಕ ಇನ್ನೂ ಸೂಕ್ಷ್ಮ. ದೇಹದ ಮೇಲ್ಮೈ ವಿಸ್ತೀರ್ಣದ ಸೂತ್ರದ ಪ್ರಕಾರ, ಮನುಷ್ಯನಿಗೆ ಪ್ರತಿ ಕಿಲೋಗೆ ಕೊಡುವ ಮಿಲಿಗ್ರಾಮನ್ನು ರೀಸಸ್ ಕೋತಿಗೆ ಸುಮಾರು 3.1ರಿಂದ, ಪ್ರಯೋಗಾಲಯದ ಪುಟ್ಟ ಇಲಿಗೆ (ಮೌಸ್) ಸುಮಾರು 12.3ರಿಂದ ಗುಣಿಸಬೇಕು. ಇದು ಆರಂಭದ ಅಂದಾಜು ಮಾತ್ರ. ಕೋತಿಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವ ಕ್ರಮವನ್ನೇ ನೋಡಿ: ಟೆನೊಫೊವಿರ್ ಡೈಸೊಪ್ರಾಕ್ಸಿಲ್ ಫ್ಯೂಮರೇಟ್ 5.1, ಎಮ್ಟ್ರಿಸಿಟಬಿನ್ 40, ಡೊಲುಟೆಗ್ರಾವಿರ್ 2.5, ಎಲ್ಲವೂ ಪ್ರತಿ ಕಿಲೋಗೆ ಮಿಲಿಗ್ರಾಂ ಲೆಕ್ಕ. 60 ಕಿಲೋ ತೂಗುವ ವ್ಯಕ್ತಿ ನುಂಗುವ 50 ಮಿಲಿಗ್ರಾಂ ಡೊಲುಟೆಗ್ರಾವಿರ್ ಕಿಲೋಗೆ 0.83 ಆಗುತ್ತದೆ, ಅದರ ಮೂರು ಪಟ್ಟು 2.5, ಸೂತ್ರಕ್ಕೆ ಸರಿಹೊಂದುತ್ತದೆ. 200 ಮಿಲಿಗ್ರಾಂ ಎಮ್ಟ್ರಿಸಿಟಬಿನ್ ಕಿಲೋಗೆ 3.3, ಕೋತಿಗೆ ಕೊಡುವುದು ಅದರ ಹನ್ನೆರಡು ಪಟ್ಟು. ಹೀಗಾಗಿ ಸೂತ್ರವನ್ನು ನಂಬಿ ಕೂರುವಂತಿಲ್ಲ. ಮುಂದಿನ ಡೋಸಿಗೆ ಸ್ವಲ್ಪ ಮೊದಲು ರಕ್ತ ತೆಗೆದು ಔಷಧದ ಮಟ್ಟ ಅಳೆಯಬೇಕು. ಟೆನೊಫೊವಿರ್ ಆದರೆ ಜೀವಕೋಶದೊಳಗೆ ತಯಾರಾಗುವ ಅದರ ಡೈಫಾಸ್ಫೇಟ್ ರೂಪವನ್ನೂ ಅಳೆಯಬೇಕು. ವೈರಸ್ಸನ್ನು ತಡೆಯುವುದು ಅದೇ.

ಈ ಮೂರನ್ನೂ ಔಷಧ ಕರಗಿಸಲು ನೆರವಾಗುವ ಸೈಕ್ಲೊಡೆಕ್ಸ್‌ಟ್ರಿನ್ನಿನ ಶೇ. 15ರ ದ್ರಾವಣದಲ್ಲಿ ಬೆರೆಸಿ, ದಿನಕ್ಕೊಮ್ಮೆ ಕಿಲೋಗೆ 1 ಮಿಲಿಲೀಟರಿನಂತೆ ಚರ್ಮದಡಿ ಚುಚ್ಚುತ್ತಾರೆ. ಹಣ್ಣಿನಲ್ಲಿಟ್ಟು ತಿನ್ನಿಸಿದರೆ ಕಹಿಗೆ ಕೋತಿ ಅರ್ಧ ಉಗುಳಿಬಿಡುತ್ತದೆ. ಎಷ್ಟು ಒಳಗೆ ಹೋಯಿತೆಂಬ ಲೆಕ್ಕವೇ ಸಿಗುವುದಿಲ್ಲ. ಚುಚ್ಚುವ ಜಾಗವನ್ನು ದಿನವೂ ಬದಲಿಸದಿದ್ದರೆ ಅಲ್ಲಿ ಗಂಟು ಕಟ್ಟಿ ಪ್ರಾಣಿ ನರಳುತ್ತದೆ. ಟೆನೊಫೊವಿರನ್ನೇ ಕಿಲೋಗೆ 30 ಮಿಲಿಗ್ರಾಮಿನಂತೆ ತಿಂಗಳುಗಟ್ಟಲೆ ಕೊಟ್ಟಾಗ ಮೂತ್ರಪಿಂಡ ಫಾಸ್ಫೇಟನ್ನು ಹಿಡಿದಿಡಲಾರದೆ ಮೂಳೆ ಮೆತ್ತಗಾದದ್ದುಂಟು. ಕ್ರಿಯಾಟಿನಿನ್, ಸೀರಮ್ ಫಾಸ್ಫೇಟ್, ಮೂತ್ರದ ಸಕ್ಕರೆ, ಮೂತ್ರಪಿಂಡದ ಸ್ಥಿತಿ ತಿಳಿಸುವ ಈ ಮೂರರ ಮೇಲೆ ಕಣ್ಣಿಡದೆ ದೀರ್ಘ ಪ್ರಯೋಗಕ್ಕೆ ಇಳಿಯಬಾರದು.

ಗುಂಪು ಮಾಡುವಾಗಲೂ ಎಚ್ಚರ ಬೇಕು. ಮಾಮು-ಬಿ*08, ಮಾಮು-ಬಿ*17 ಎಂಬ ರೋಗನಿರೋಧಕ ಜೀನುಗಳಿರುವ ಕೆಲವು ಕೋತಿಗಳು ಔಷಧವಿಲ್ಲದೆಯೇ ಎಸ್‌ಐವಿಯನ್ನು ಹತೋಟಿಯಲ್ಲಿಡುತ್ತವೆ. ಆರೇಳು ಕೋತಿಗಳ ಗುಂಪಿನಲ್ಲಿ ಅಂಥವು ಎರಡು ಸೇರಿಕೊಂಡರೆ ಸಾಧಾರಣ ಔಷಧವೂ ಅದ್ಭುತವಾಗಿ ಕಾಣುತ್ತದೆ. ಜೀನು ಪರೀಕ್ಷೆ ಮೊದಲು, ಹಂಚಿಕೆ ಆಮೇಲೆ.

ಇಲಿಯದು ಬೇರೆ ಕಥೆ. ರೋಗನಿರೋಧಕ ಶಕ್ತಿಯಿಲ್ಲದ ಇಲಿಗೆ ಮನುಷ್ಯನ ರಕ್ತದ ಮೂಲಕೋಶಗಳನ್ನು ಸೇರಿಸಿದರೆ ಅದರಲ್ಲಿ ನಿಜವಾದ ಎಚ್‌ಐವಿಯೇ ಬೆಳೆಯುತ್ತದೆ. ಎಫಾವಿರೆಂಜಿನ ತಕರಾರು ಇಲ್ಲಿಲ್ಲ. ತೊಡಕಿರುವುದು ರಕ್ತದಲ್ಲಿ. 25 ಗ್ರಾಂ ತೂಗುವ ಇಲಿಯಲ್ಲಿ ಇರುವ ರಕ್ತವೇ ಸುಮಾರು 2 ಮಿಲಿಲೀಟರ್. ಒಮ್ಮೆಗೆ ಸಿಗುವ ಪ್ಲಾಸ್ಮಾ 40 ಮೈಕ್ರೊಲೀಟರ್ ಎಂದುಕೊಂಡರೆ, ಅದರಲ್ಲಿ ಒಂದೇ ಒಂದು ವೈರಸ್ ಪ್ರತಿ ಸಿಕ್ಕರೂ ಮಿಲಿಲೀಟರಿಗೆ 25 ಎಂದಾಯಿತು. ಪ್ರಯೋಗಾಲಯದ ನಷ್ಟ ಸೇರಿದರೆ ಪರೀಕ್ಷೆ ಗುರುತಿಸಬಲ್ಲ ಕನಿಷ್ಠ ಮಿತಿ ಮಿಲಿಲೀಟರಿಗೆ ನೂರಾರಕ್ಕೆ ಏರುತ್ತದೆ. ಇಲಿಯಲ್ಲಿ ‘ವೈರಸ್ ಕಾಣಲಿಲ್ಲ’ ಎಂಬ ವರದಿಯನ್ನು ನಮ್ಮ ರೋಗಿಗಳ ವರದಿಯ ಪಕ್ಕದಲ್ಲಿಟ್ಟು ಓದುವುದು ತಪ್ಪು.

ಕೊನೆಯ, ನನ್ನ ಪ್ರಕಾರ ಅತಿ ಮುಖ್ಯ ಪರೀಕ್ಷೆ ಔಷಧ ನಿಲ್ಲಿಸಿದ ಮೇಲೆ ನಡೆಯುವುದು. 2014ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸೋಂಕು ತಗುಲಿದ ಮೂರನೇ ದಿನವೇ, ರಕ್ತದಲ್ಲಿ ವೈರಸ್ ಕಾಣುವ ಮೊದಲೇ, ಕೋತಿಗಳಿಗೆ ಚಿಕಿತ್ಸೆ ಶುರುಮಾಡಿದರು. 24 ವಾರ ಕೊಟ್ಟು ನಿಲ್ಲಿಸಿದಾಗ ಅವೆಲ್ಲದರಲ್ಲೂ ವೈರಸ್ ಮರಳಿತು. ತಡವಾಗಿ ಮರಳಿತು, ಅಷ್ಟೇ. ನಿಲ್ಲಿಸಿದ ಮೊದಲ ದಿನಗಳಲ್ಲಿ ಜೀವಕೋಶದೊಳಗೆ ಉಳಿದ ಔಷಧವೂ ವೈರಸ್ಸನ್ನು ತಡೆಯುತ್ತಿರುತ್ತದೆ. ಆ ತಡವನ್ನು ಗುಣವೆಂದು ಬರೆಯಬಾರದು. ವಾರಕ್ಕೆರಡು ಬಾರಿ ರಕ್ತ ನೋಡಿ, ತಿಂಗಳುಗಳಾದರೂ ಏನೂ ಕಾಣದಿದ್ದರೆ ದುಗ್ಧಗ್ರಂಥಿ ಮತ್ತು ಕರುಳಿನ ತುಣುಕು ಪರೀಕ್ಷಿಸುತ್ತಾರೆ. ಬಳಿಕ ವೈರಸ್ಸನ್ನು ಹತೋಟಿಯಲ್ಲಿಡುವ ಸಿಡಿ8 ಎಂಬ ರಕ್ಷಣಾ ಕೋಶಗಳನ್ನು ಪ್ರತಿಕಾಯದಿಂದ ತೆಗೆದುಹಾಕಿ ವೈರಸ್ ಏಳುತ್ತದೆಯೇ ಎಂದು ಕಾಯುತ್ತಾರೆ. ಆಗಲೂ ಏಳದಿದ್ದರೆ ಆ ಕೋತಿಯ ಕೋಶಗಳನ್ನು ಸೋಂಕಿಲ್ಲದ ಇನ್ನೊಂದು ಕೋತಿಗೆ ಕೊಟ್ಟು ನೋಡುವುದೊಂದು ಉಳಿದಿರುತ್ತದೆ.